ತೊಟ್ಟಿ ತುಂಬ ತರಗೆಲೆ: ಪುಟ್ಟ ಮಕ್ಕಳಿಗೆ ಎಲೆ ಉದುರುವ ಕಾಲದ ಆಟ

ಚಿಕ್ಕ ಮಗುವಿನ ಕೈಗೆ ಒಂದು ಒಣಗಿದ ಎಲೆ ಕೊಟ್ಟು ನೋಡಿ. ಮುಷ್ಟಿ ಬಿಗಿಯುತ್ತದೆ, ಎಲೆ ಪುಡಿಪುಡಿ. ಮಗು ಕೈ ಬಿಡಿಸಿ ನೋಡುತ್ತದೆ, ನಿಮ್ಮ ಮುಖ ನೋಡುತ್ತದೆ, ಆಮೇಲೆ ಇನ್ನೊಂದು ಎಲೆಗೆ ಕೈ ಚಾಚುತ್ತದೆ. ಸೆನ್ಸರಿ ಪ್ಲೇ ಅಂತಾರಲ್ಲ, ಅದರ ತಿರುಳು ಇಷ್ಟೇ: ಮುಟ್ಟಿ, ಮೂಸಿ, ಕಿವಿಗೊಟ್ಟು ತಿಳಿಯುವುದು. ಎಲೆ ಉದುರುವ ಕಾಲ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದೂವರೆ ವರ್ಷದಿಂದ ಐದು ವರ್ಷದವರೆಗಿನ ಮಕ್ಕಳಿಗೆ ಹೊಂದುವ ಆಟವಿದು.

1. ಮಗುವನ್ನೇ ಕರೆದುಕೊಂಡು ಹೋಗಿ ಆರಿಸಿ

ನೀವೇ ಆರಿಸಿ ತಂದಿಟ್ಟರೆ ಅರ್ಧ ಆಟ ಕಳೆದುಹೋದಂತೆ. ಒಣ ಹವೆಯ ದಿನ ಹೊರಡಿ. ಒದ್ದೆ ಎಲೆಯ ರಾಶಿಯಲ್ಲಿ ಬೂಷ್ಟು ಇರುತ್ತದೆ, ಉಬ್ಬಸವಿರುವ ಮಕ್ಕಳಿಗೆ ಅದು ಒಳ್ಳೆಯದಲ್ಲ. ವಾಹನ ಜಾಸ್ತಿ ಓಡಾಡುವ ರಸ್ತೆಯ ಬದಿ, ಔಷಧಿ ಹೊಡೆದ ಗಿಡಗಳ ಬುಡ ಬೇಡ. ಹಸಿರು, ಹಳದಿ, ಕಂದು, ಹುಳ ತಿಂದು ತೂತಾದ ಎಲೆ, ಎಲ್ಲವೂ ಚೀಲಕ್ಕೆ ಬರಲಿ.

ಎಲೆ ಯಾಕೆ ಹಳದಿ ಆಯಿತು ಅಂತ ಮಗು ಕೇಳಬಹುದು. ಹಗಲು ಚಿಕ್ಕದಾದಂತೆ ಎಲೆಯಲ್ಲಿರುವ ಹಸಿರು ಬಣ್ಣ, ಅಂದರೆ ಕ್ಲೋರೋಫಿಲ್, ಕರಗುತ್ತಾ ಹೋಗುತ್ತದೆ. ಹಳದಿ, ಕಿತ್ತಳೆ ಮೊದಲಿನಿಂದಲೂ ಒಳಗೇ ಇದ್ದವು, ಹಸಿರಿನ ನಡುವೆ ಕಾಣುತ್ತಿರಲಿಲ್ಲ ಅಷ್ಟೇ. ಕಡುಗೆಂಪು ಮಾತ್ರ ಸಾಮಾನ್ಯವಾಗಿ ಆ ಹೊತ್ತಿಗೆ ಹೊಸದಾಗಿ ಹುಟ್ಟುವ ಬಣ್ಣ. ನಾಲ್ಕು ವರ್ಷದ ಮಗುವಿಗೆ "ಎಲೆ ಹಸಿರು ಅಂಗಿ ಬಿಚ್ಚಿತು, ಒಳಗಿನ ಹಳದಿ ಅಂಗಿ ಕಂಡಿತು" ಅಂದರೆ ಸಾಕು.

2. ಮನೆಗೆ ಬಂದು ಸೋಸಿ

ಈ ಕೆಲಸ ದೊಡ್ಡವರದು, ಅವಸರ ಮಾಡಬೇಡಿ. ಎಲೆ ಕೊಡವಿ, ಪೇಪರ್ ಮೇಲೆ ಹರಡಿ ಒಂದು ದಿನ ಬಿಡಿ. ಪೈನ್ ಮರದ ಕಾಯಿ ಸಿಕ್ಕಿದ್ದರೆ ಕೊಡವಿ, ಕೆಲವು ದಿನ ಬಿಸಿಲಿಗಿಡಿ. ಸಂದುಗಳಲ್ಲಿರುವ ಹುಳುಗಳು ಹೊರಗೆ ಬರುತ್ತವೆ.

ಟಾಯ್ಲೆಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆ ತೆಗೆದುಕೊಳ್ಳಿ. ಅದರೊಳಗೆ ತೂರುವ ಬೀಜ, ಕಾಯಿ, ಕಲ್ಲು ಯಾವುದನ್ನೂ ಮೂರು ವರ್ಷದೊಳಗಿನ ಮಗುವಿಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಗುರುತಿಲ್ಲದ ಬೀಜ, ಹಣ್ಣು, ಅಣಬೆ ಯಾವ ವಯಸ್ಸಿಗೂ ಬೇಡ. ಹರಳು ಬೀಜ, ಗುಲಗಂಜಿ ನೋಡೋಕೆ ಚೆಂದ, ಆದರೆ ಅಗಿದರೆ ಜೀವಕ್ಕೇ ಅಪಾಯ. ನೀರಲ್ಲಿ ಉಬ್ಬುವ ಬಣ್ಣದ ಮಣಿಗಳನ್ನೂ ದೂರವಿಡಿ. ನುಂಗಿದರೆ ಹೊಟ್ಟೆಯೊಳಗೆ ಉಬ್ಬಿ ಕರುಳಿಗೆ ಅಡ್ಡ ಕೂರುತ್ತವೆ.

3. ತೊಟ್ಟಿ ತುಂಬಿಸಿ

ಅಗಲವಾದ, ಆಳವಿಲ್ಲದ ಟಬ್ ಒಂದನ್ನು ಚಾಪೆಯ ಮೇಲಿಡಿ. ಎಲೆ, ದೊಡ್ಡ ಕಾಯಿಗಳು, ಜೊತೆಗೆ ಒಂದು ಸೌಟು, ಒಂದು ಲೋಟ. ಮೊದಲ ದಿನಕ್ಕೆ ಇಷ್ಟು ಸಾಕು. ಹತ್ತು ಸಾಮಾನು ಒಟ್ಟಿಗೆ ಇಟ್ಟರೆ ಮಗು ಒಂದನ್ನೂ ಸರಿಯಾಗಿ ನೋಡುವುದಿಲ್ಲ.

4. ಪಕ್ಕದಲ್ಲಿ ಸುಮ್ನೆ ಕೂತಿರಿ

ಇದೇ ಕಷ್ಟದ ಹೆಜ್ಜೆ. "ಇದು ಯಾವ ಬಣ್ಣ? ಎಷ್ಟಿದೆ ಎಣಿಸು" ಅಂತ ಶುರು ಮಾಡಿದರೆ ಆಟ ಹೋಗಿ ಪರೀಕ್ಷೆ ಆಗುತ್ತದೆ, ಅಲ್ವಾ? ಮಗು ಎಲೆ ತುಳಿದಾಗ "ಚರಪರ ಅಂತಿದೆ" ಅನ್ನಿ. ಕಾಯಿ ಸವರಿದಾಗ "ಒರಟು ಒರಟು" ಅನ್ನಿ. ಹೀಗೆ ಸಿಕ್ಕ ಪದ ಬೇಗ ನಾಲಿಗೆಗೆ ಹತ್ತುತ್ತದೆ. ಕೆಲವು ಮಕ್ಕಳು ಮುಟ್ಟಲು ಹಿಂಜರಿಯುತ್ತಾರೆ. ಕೈ ಹಿಡಿದು ಮುಟ್ಟಿಸಬೇಡಿ, ಸೌಟು ಕೊಡಿ. ಮೂರನೇ ದಿನ ಬೆರಳು ತಾನಾಗಿಯೇ ಇಳಿಯಬಹುದು, ಇಳಿಯದೆಯೂ ಇರಬಹುದು.

5. ಕಾಯಿಯನ್ನು ನೀರಿಗೆ ಬಿಡಿ

ನನಗೆ ತುಂಬಾ ಇಷ್ಟದ ಆಟ ಇದು. ಬಾಯಿ ಬಿಟ್ಟ ಪೈನ್ ಕಾಯಿಯನ್ನು ನೀರಲ್ಲಿ ಮುಳುಗಿಸಿಟ್ಟರೆ ಅದರ ಸಿಪ್ಪೆಗಳು ನಿಧಾನವಾಗಿ ಮುಚ್ಚಿಕೊಳ್ಳುತ್ತವೆ. ಹೊರಗಿಟ್ಟು ಒಣಗಿಸಿದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಒಣ ಹವೆಯಲ್ಲಿ ಬೀಜ ಗಾಳಿಗೆ ಹಾರಿ ದೂರ ಹೋಗಲಿ ಅಂತ ಮರ ಮಾಡಿಕೊಂಡ ಏರ್ಪಾಡು. ಬೆಳಗ್ಗೆ ನೀರಿಗೆ ಹಾಕಿ, ಮಗುವಿಗೆ ಆಗಾಗ ಬಂದು ನೋಡಲು ಹೇಳಿ. ಕಾಯುವುದೂ ಈ ಆಟದ ಒಂದು ಭಾಗ.

ಒಂದು ಎಚ್ಚರ. ನಾಲ್ಕು ಬೆರಳಷ್ಟು ನೀರಿದ್ದರೂ ಪುಟ್ಟ ಮಗು ಮುಳುಗಬಹುದು. ಕಾಯಿ ನೆನೆಯುವ ಪಾತ್ರೆ ಮಗುವಿನ ಕೈಗೆ ಸಿಗದಷ್ಟು ಎತ್ತರದಲ್ಲಿರಲಿ, ನೋಡುವಾಗ ನೀವೇ ಎತ್ತಿ ತೋರಿಸಿ. ಆಟ ಮುಗಿದ ಕೂಡಲೇ ನೀರು ಚೆಲ್ಲಿಬಿಡಿ.

6. ಹಿಟ್ಟಿನಲ್ಲಿ ಅಚ್ಚು

ಎರಡು ಲೋಟ ಗೋಧಿ ಹಿಟ್ಟು, ಒಂದು ಲೋಟ ಉಪ್ಪು, ಸುಮಾರು ಒಂದು ಲೋಟ ನೀರು ಸೇರಿಸಿ ಗಟ್ಟಿಯಾಗಿ ನಾದಿ. ತಟ್ಟಿ, ಎಲೆಯ ನರ ಎದ್ದಿರುವ ಬದಿ ಕೆಳಗೆ ಬರುವಂತೆ ಒತ್ತಿ, ಮೆಲ್ಲನೆ ಎತ್ತಿ. ಇದಕ್ಕೆ ಒಣ ಎಲೆ ಮುರಿಯುತ್ತದೆ, ಆಗಷ್ಟೇ ಬಿದ್ದ ಮೆತ್ತನೆಯದು ಬೇಕು. ಹಸಿ ಹಿಟ್ಟು, ಅಷ್ಟೊಂದು ಉಪ್ಪು ಹೊಟ್ಟೆಗೆ ಹೋಗಬಾರದು. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನವರಿಗೆ ಈ ಹೆಜ್ಜೆ ಬಿಟ್ಟುಬಿಡಿ.

ಕೊನೆಗೆ ಸೋಪು ಹಚ್ಚಿ ಕೈ ತೊಳೆಸಿ. ಪುಡಿಯಾದ ಎಲೆಯನ್ನು ಕಸಕ್ಕೆ ಹಾಕಬೇಡಿ. ಯಾವುದಾದರೂ ಗಿಡದ ಬುಡಕ್ಕೆ ಮಗುವೇ ಸುರಿಯಲಿ.