ಸಿಡ್ನಿಯಲ್ಲಿ ಸ್ನಾರ್ಕೆಲಿಂಗ್‌ಗೆ ಹೊರಟವರು ತೆರೆಗಳ ನಡುವಿನ ಸೆಕೆಂಡುಗಳನ್ನು ನೋಡಿ

ಸಿಡ್ನಿಗೆ ಹೊಸದಾಗಿ ಬಂದ ನಮ್ಮವರು ಬೇಸಿಗೆ ಶುರುವಾದ ಕೂಡಲೇ ಸ್ನಾರ್ಕೆಲಿಂಗ್‌ಗೆ, ಅಂದ್ರೆ ಉಸಿರಿನ ಕೊಳವೆ ಕಚ್ಚಿ ತೇಲುತ್ತಾ ನೀರಿನೊಳಗೆ ನೋಡುವುದಕ್ಕೆ, ಕ್ಲೋವೆಲ್ಲಿ ಬೀಚ್‌ಗೆ ಹೊರಡುತ್ತಾರೆ. ಫೋನಿನಲ್ಲಿ ಸೂರ್ಯನ ಚಿತ್ರ ಕಂಡರೆ ಸಾಕು. ನಾನೂ ಹಾಗೇ ಹೋಗಿದ್ದೆ.

ಅವತ್ತು ಶನಿವಾರ. ಮೋಡ ಇಲ್ಲ, ಗಾಳಿ ಇಲ್ಲ, ನೀರು ಊರ ಕೆರೆಯ ಹಾಗೆ ಸುಮ್ನೆ ಇತ್ತು. ನಾಲ್ಕು ಜನಕ್ಕೆ ಸಾಮಾನು ಬಾಡಿಗೆಗೆ ತಂದಿದ್ದೆವು. ಕಾಂಕ್ರೀಟ್ ಕಟ್ಟೆಯ ಮೆಟ್ಟಿಲಿಳಿದು ಹತ್ತು ನಿಮಿಷ ಆಗಿರಬೇಕು, ಒಂದರ ಹಿಂದೆ ಒಂದು ನಾಲ್ಕು ತೆರೆ ಎದ್ದು ಬಂದವು. ಮಗ ಕಬ್ಬಿಣದ ಕಂಬಿ ಬಿಡಲಿಲ್ಲ. ತೆರೆ ಹಿಂದೆ ಸರಿಯುವಾಗ ಮೆಟ್ಟಿಲ ಅಂಚಿಗೆ ಉಜ್ಜಿ ಅವನ ಮೊಣಕಾಲಿನ ಚರ್ಮ ಕಿತ್ತು ಬಂತು. ಎರಡು ಮಾಸ್ಕ್, ಕಾಲಿಗೆ ಹಾಕುವ ಒಂದು ಫಿನ್ ನೀರು ಪಾಲು. ಬಾಡಿಗೆಯ ಜೊತೆ ಅವುಗಳ ದುಡ್ಡೂ ಕಟ್ಟಿದೆ.

ನಾನು ನೋಡದೇ ಬಿಟ್ಟದ್ದು ಸ್ವೆಲ್. ಇಲ್ಲಿನ ಹವಾಮಾನ ಇಲಾಖೆ, ಅಂದ್ರೆ ಬ್ಯೂರೋ ಆಫ್ ಮೀಟಿಯರಾಲಜಿ, ಕರಾವಳಿಗೆ ಬೇರೆಯೇ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ 'ಸೀಸ್' ಅಂದರೆ ಅಲ್ಲಿನ ಗಾಳಿಯೇ ಎಬ್ಬಿಸಿದ ತೆರೆ. 'ಸ್ವೆಲ್' ಅಂದರೆ ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿ ಕಳಿಸಿದ ತೆರೆ. ಹಾಗಾಗಿ ಬಿಸಿಲಿದ್ದರೂ ಬರುತ್ತದೆ. ಅವತ್ತು ಎತ್ತರ ಬರೀ ಒಂದೂವರೆ ಮೀಟರ್, ಆದರೆ ಎರಡು ತೆರೆಗಳ ನಡುವಿನ ಅಂತರ 14 ಸೆಕೆಂಡ್. ಎತ್ತರ ಒಂದೇ ಇದ್ದರೂ ಸೆಕೆಂಡ್ ಜಾಸ್ತಿಯಾದಷ್ಟೂ ತೆರೆಯ ಬಲ ಜಾಸ್ತಿ. ಇಂಥ ಸ್ವೆಲ್ ಗುಂಪು ಗುಂಪಾಗಿ ಬರುತ್ತದೆ, ನಡುವೆ ಹತ್ತು ಹದಿನೈದು ನಿಮಿಷ ಏನೂ ಇರಲಿಕ್ಕಿಲ್ಲ. ನಾವು ಇಳಿದದ್ದು ಆ ಬಿಡುವಿನಲ್ಲಿ. ಎತ್ತರದ ಅಂಕಿಯನ್ನೂ ಪೂರ್ತಿ ನಂಬಬೇಡಿ. ಅದು ಎಲ್ಲ ತೆರೆಗಳಲ್ಲಿ ಅತಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ. ಒಂಟಿ ತೆರೆ ಅದರ ಎರಡರಷ್ಟೂ ಬರಬಹುದು.

ಸೆಕೆಂಡ್ ಎಷ್ಟು ಅಂತ ಮ್ಯಾನ್ಲಿ ಹೈಡ್ರಾಲಿಕ್ಸ್ ಲ್ಯಾಬೊರೇಟರಿಯ ತಾಣದಲ್ಲಿ ಸಿಗುತ್ತದೆ. ಕಡಲಲ್ಲಿ ತೇಲಿಬಿಟ್ಟ ಅಳತೆಯ ಉಪಕರಣಗಳು ಕಳಿಸಿದ ಲೆಕ್ಕ ಅದು. 12 ದಾಟಿದರೆ ನಾನು ಮಕ್ಕಳನ್ನು ಇಳಿಸುವುದಿಲ್ಲ.

ದಿಕ್ಕೂ ಮುಖ್ಯ. 'ಸದರ್ಲಿ' ಅಂದರೆ ದಕ್ಷಿಣಕ್ಕೆ ಹೋಗುವುದಲ್ಲ, ದಕ್ಷಿಣದಿಂದ ಬರುವುದು. ದಕ್ಷಿಣದ ಸ್ವೆಲ್ ಇದ್ದಾಗ ಮ್ಯಾನ್ಲಿಯ ಶೆಲ್ಲಿ ಬೀಚ್‌ಗೆ ಹೋಗಿ, ಅದಕ್ಕೆ ಗುಡ್ಡದ ಮರೆ ಇದೆ. ಈಶಾನ್ಯ ಗಾಳಿ ಜೋರಾಗಿದ್ದರೆ ಶೆಲ್ಲಿ ಬಿಟ್ಟು ಕ್ಲೋವೆಲ್ಲಿ ಪಕ್ಕದ ಗೋರ್ಡನ್ಸ್ ಬೇ ನೋಡಿ.

ಊರಲ್ಲಿ ಈ ತಲೆನೋವಿಲ್ಲ. ಮಳೆಗಾಲದಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬೋಟೇ ಹೊರಡುವುದಿಲ್ಲ. ಮೀನುಗಾರರ ಯಾಂತ್ರಿಕ ದೋಣಿಗಳಿಗೂ ಜೂನ್, ಜುಲೈ ಪೂರ್ತಿ ರಜೆ. ಕಡಲು ಬಂದ್ ಅಂದರೆ ಬಂದ್. ಇಲ್ಲಿ ಮಾಹಿತಿ ಬೇಕಾದಷ್ಟಿದೆ, ಆದರೆ ಕಾವಲಿಲ್ಲದ ದಂಡೆಯಲ್ಲಿ ಬೇಡ ಅಂತ ತಡೆಯುವವರು ಯಾರೂ ಇರುವುದಿಲ್ಲ. ಹೊಸಬರ ಮಟ್ಟಿಗೆ ಊರಿನ ಪದ್ಧತಿಯೇ ವಾಸಿ ಅಂತ ನನಗೆ ಅನಿಸುತ್ತದೆ.

ಮಳೆ ಬಂದ ಮೇಲೆ ಕಡಲಿನ ಬೀಚ್‌ಗಳಲ್ಲಿ ಒಂದು ದಿನ, ಹಾರ್ಬರ್‌ನಲ್ಲಿ ಮೂರು ದಿನ ನೀರಿಗೆ ಇಳಿಯಬೇಡಿ. ಚರಂಡಿ ನೀರೆಲ್ಲ ಅಲ್ಲಿಗೇ ಬರುತ್ತದೆ. ಉಳಿದದ್ದೆಲ್ಲ ಸರಿಯಿದ್ದರೂ ದಂಡೆಯಲ್ಲಿ ಇಪ್ಪತ್ತು ನಿಮಿಷ ಕೂತು ಬಂಡೆಗಳನ್ನೇ ನೋಡಿ. ಒಣಗಿದ ಬಂಡೆ ಒಮ್ಮೆಲೇ ನೆನೆಯಿತಾ, ಚೀಲ ಎತ್ತಿಕೊಂಡು ವಾಪಸ್ ಹೊರಡಿ.