ಅಕ್ವೇರಿಯಂಗೆ ಆರ್‌ಒ ನೀರು: ಮೆಂಬ್ರೇನ್ ಕಾಪಾಡುವುದು ಹೇಗೆ?

ಬೆಂಗಳೂರಿನ ಕೊಳವೆಬಾವಿಯ ಗಡಸು ನೀರಿನಲ್ಲಿ ಮೃದು ನೀರು ಬಯಸುವ ಡಿಸ್ಕಸ್ ಮೀನು ಸಾಕುವವರು ಆರ್‌ಒ (ರಿವರ್ಸ್ ಆಸ್ಮೋಸಿಸ್) ನೀರನ್ನು, ಅಂದರೆ ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯ ಮೂಲಕ ಲವಣ ತೆಗೆದ ನೀರನ್ನು, ಅವಲಂಬಿಸುವುದು ಸಹಜ. ಆದರೆ ಹೆಚ್ಚಿನವರು ತೊಟ್ಟಿಯನ್ನು ನೋಡಿಕೊಳ್ಳುವಷ್ಟು ಶ್ರದ್ಧೆಯಿಂದ ಫಿಲ್ಟರನ್ನು ನೋಡಿಕೊಳ್ಳುವುದಿಲ್ಲ.

ಒಳಬರುವ ಮತ್ತು ಹೊರಬರುವ ನೀರಿನ ಟಿಡಿಎಸ್ ಅನ್ನು (ಕರಗಿರುವ ಒಟ್ಟು ಲವಣಾಂಶವನ್ನು) ಒಂದೇ ದಿನ ಅಳೆದು ಬರೆದಿಡಬೇಕು. ಒಳಗೆ 600 ಇದ್ದು ಹೊರಗೆ 30 ಬಂದರೆ ಮೆಂಬ್ರೇನ್ ಶೇ. 95ರಷ್ಟು ಲವಣಗಳನ್ನು ತಡೆಯುತ್ತಿದೆ ಎಂದರ್ಥ. ಈ ಪ್ರಮಾಣ ಕ್ರಮೇಣ ಇಳಿಯುತ್ತಾ ಹೋದರೆ ಅದನ್ನು ಬದಲಿಸುವ ಕಾಲ ಬಂದಿದೆ. ಯಂತ್ರ ಬಹಳ ಹೊತ್ತು ನಿಂತಿದ್ದರೆ ಮೊದಲ ಕೆಲವು ನಿಮಿಷಗಳ ನೀರಿನಲ್ಲಿ ಟಿಡಿಎಸ್ ಹೆಚ್ಚಿರುವುದರಿಂದ, ಆ ನೀರನ್ನು ಗಿಡಗಳಿಗೆ ಹಾಕಿ, ಅನಂತರವೇ ಅಳೆಯುವುದು ಸರಿ.

ಪುರಸಭೆಯ ನಲ್ಲಿ ನೀರು ಬಳಸುವವರು ಕಾರ್ಬನ್ ಫಿಲ್ಟರಿನ ವಿಷಯದಲ್ಲಿ ಜಿಪುಣತನ ತೋರಬಾರದು, ಏಕೆಂದರೆ ಅದು ಸವೆದಾಗ ದಾಟಿಬರುವ ಕ್ಲೋರಿನ್, ಅದಕ್ಕಿಂತ ಎಷ್ಟೋ ದುಬಾರಿಯಾದ ಮೆಂಬ್ರೇನನ್ನು ಶಾಶ್ವತವಾಗಿ ಹಾಳುಮಾಡುತ್ತದೆ.

ಅಡುಗೆಮನೆಯ ಪ್ಯೂರಿಫೈಯರಿನಿಂದಲೇ ನೀರು ಹಿಡಿಯುವುದಾದರೆ ಟಿಡಿಎಸ್ ಕಂಟ್ರೋಲರ್ ಮತ್ತು ಮಿನರಲ್ ಕಾರ್ಟ್ರಿಡ್ಜ್‌ಗಳಿಗೆ ಮೊದಲೇ ಕವಲು ಕೊಳವೆ ಹಾಕಿಸಿಕೊಳ್ಳಿ; ಅವು ಕುಡಿಯುವ ನೀರಿಗೆಂದು ಲವಣಗಳನ್ನು ಮತ್ತೆ ಸೇರಿಸುತ್ತವೆ. ಆದರೆ ಬರೀ ಆರ್‌ಒ ನೀರಿನಲ್ಲಿ, ಪಿಎಚ್ (ಆಮ್ಲೀಯತೆಯ ಅಳತೆ) ಅನ್ನು ಸ್ಥಿರವಾಗಿಡುವ ಕಾರ್ಬೊನೇಟ್ ಗಡಸುತನ ಇಲ್ಲದಂತಾಗಿ ಪಿಎಚ್ ಹಠಾತ್ತನೆ ಕುಸಿಯಬಹುದಾದ್ದರಿಂದ, ಅದಕ್ಕೆ ಮೀನಿಗೆ ಬೇಕಾದಷ್ಟು ಖನಿಜ ಲವಣವನ್ನು ನಾವೇ ಬೆರೆಸಿ ತೊಟ್ಟಿಗೆ ಸುರಿಯಬೇಕು.