ಡಿಸ್ಕ್ ಬದಲಿಸದೆ ಬ್ರೇಕಿನ ಕಿರುಚಾಟ ನಿಲ್ಲಿಸಿದೆ

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಡಿಸ್ಕ್ (ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ) ಹೋಗಿದೆ, ಜೋಡಿ ಬದಲಿಸಿ. ಅದೇ ಹಳೇ ಡಿಸ್ಕ್ ಈಗಲೂ ಕಾರಿನಲ್ಲಿದೆ. ಹೆಚ್ಚುಕಮ್ಮಿ ಒಂದು ವರ್ಷ ಆಯಿತು, ಒಂದು ಮಳೆಗಾಲವೂ ಕಳೆಯಿತು, ಸದ್ದಿಲ್ಲ.

ಬ್ರೇಕ್ ಮೆಲ್ಲಗೆ ಒತ್ತಿದಾಗ, ಗಾಡಿ ಇನ್ನೇನು ನಿಲ್ಲಬೇಕು ಅನ್ನುವಾಗ ಮುಂದಿನ ಎಡ ಚಕ್ರ ಕೀಚಲು ದನಿಯಲ್ಲಿ ಕಿರುಚುತ್ತಿತ್ತು. ಜೋರಾಗಿ ಒತ್ತಿದರೆ ಇಲ್ಲ. ಪ್ಯಾಡ್ (ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಬಿಲ್ಲೆ) ಸವೆದು, ಸವೆತ ತಿಳಿಸುವ ಇಂಡಿಕೇಟರ್ ಪಟ್ಟಿ ಡಿಸ್ಕಿಗೆ ತಾಗುತ್ತಿದ್ದರೆ ಸಾಮಾನ್ಯವಾಗಿ ಬ್ರೇಕ್ ಒತ್ತದೆ ಇದ್ದಾಗಲೂ ಸದ್ದು ಬರುತ್ತದೆ, ಅಲ್ವಾ? ಇಲ್ಲಿ ಹಾಗಿರಲಿಲ್ಲ.

ಮೊದಲು ಹೊಸ ಪ್ಯಾಡಿಗೆ ದುಡ್ಡು ಹೋಯಿತು. ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಶುರುವಾಯಿತು. ಆಮೇಲೆ ಪ್ಯಾಡಿನ ಬೆನ್ನಿಗೆ ಹೊಡೆಯುವ ಸ್ಪ್ರೇ, ಅದೂ ದಂಡ. ಎಡಗಡೆ ಪ್ಯಾಡಿನ ಅಂಚನ್ನು ಅರದಿಂದ ಓರೆ ಮಾಡಿ ನೋಡಿದೆ. ಸದ್ದಿನ ಸ್ವರ ಸ್ವಲ್ಪ ಇಳಿಯಿತು, ಅಷ್ಟೇ. ಕೊನೆಗೆ ಪರೀಕ್ಷೆಗೆಂದು ಎಡ-ಬಲ ಪ್ಯಾಡುಗಳನ್ನು ಅದಲುಬದಲು ಮಾಡಿದೆ. ಸದ್ದು ಪ್ಯಾಡಿನ ಜೊತೆ ಹೋಗಲಿಲ್ಲ, ಎಡಗಡೆಯೇ ಉಳಿಯಿತು. ಡಯಲ್ ಗೇಜ್ (ಕೂದಲೆಳೆಯಷ್ಟು ಅಲುಗಾಟವನ್ನೂ ಅಳೆಯುವ ಮುಳ್ಳಿನ ಮಾಪಕ) ಇಟ್ಟರೆ, ತಿರುಗುವಾಗ ಡಿಸ್ಕಿನ ಓಲಾಟ 0.03 ಮಿ.ಮೀ. ಆಸುಪಾಸು. 0.05 ಒಳಗಿದ್ದರೆ ನಾನು ಡಿಸ್ಕನ್ನು ದೂರುವುದಿಲ್ಲ. ದಪ್ಪವೂ ಅದರ ಮೇಲೆ ಕೊರೆದ ಕನಿಷ್ಠ ಅಳತೆಗಿಂತ ಜಾಸ್ತಿಯೇ ಇತ್ತು.

ಉಳಿದದ್ದು ಕ್ಯಾಲಿಪರ್ ಬ್ರಾಕೆಟ್, ಅಂದರೆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಮತ್ತು ಪ್ಯಾಡುಗಳನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟು. ಪ್ಯಾಡಿನ ಕಿವಿ (ಎರಡು ತುದಿಯ ಚಾಚು) ಕೂರುವ ಕಡೆಯ ಸ್ಟೀಲ್ ಕ್ಲಿಪ್ ಕಿತ್ತೆ. ಅಡಿಯಲ್ಲಿ ತುಕ್ಕು ಹಪ್ಪಳದಂತೆ ಉಬ್ಬಿ ಕ್ಲಿಪ್ಪನ್ನು ಮೇಲಕ್ಕೆ ಒತ್ತಿತ್ತು. ಬೆರಳಲ್ಲಿ ಜಾರಬೇಕಾದ ಪ್ಯಾಡ್ ಸುತ್ತಿಗೆಯಿಂದ ತಟ್ಟಿದರೆ ಮಾತ್ರ ಕದಲುತ್ತಿತ್ತು. ಬ್ರೇಕ್ ಬಿಟ್ಟ ಮೇಲೂ ಹಿಂದೆ ಸರಿಯದೆ ಡಿಸ್ಕನ್ನು ಸವರುತ್ತಲೇ ಇತ್ತು. ಕ್ಯಾಲಿಪರ್ ಆಚೀಚೆ ಜಾರಲು ಇರುವ ಕೆಳಗಿನ ಸ್ಲೈಡರ್ ಪಿನ್ನಿಗೆ ಯಾರೋ ಹಿಂದೆ ಮಾಮೂಲಿ ಗ್ರೀಸ್ ತುಂಬಿದ್ದರು, ಅದರಿಂದ ಪಿನ್ನಿನ ಮೇಲಿನ ರಬ್ಬರ್ ಬುಷ್ (ತೋಳು) ಊದಿ ಪಿನ್ ಬಿಗಿದುಕೊಂಡಿತ್ತು. ಒಳಗಿನ ಪ್ಯಾಡ್ ಓರೆಯಾಗಿ ಸವೆದದ್ದು ಯಾಕೆ ಅಂತ ಆಗ ಗೊತ್ತಾಯಿತು.

ವೈರ್ ಬ್ರಷ್, ಆಮೇಲೆ ಅರ. ಹೊಳೆಯುವ ಲೋಹ ಕಾಣುವ ತನಕ ಉಜ್ಜಿದೆ. ತುಕ್ಕಷ್ಟೇ ಹೋಗಬೇಕು, ಬ್ರಾಕೆಟ್ ಸವೆಯಬಾರದು. ಹೊಸ ಕ್ಲಿಪ್, ಹೊಸ ಬುಷ್ ಹಾಕಿದೆ. ಪಿನ್ನಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಬುಷ್ ಇರುವ ಪಿನ್ ಯಾವ ತೂತಿನದೋ ಅದಕ್ಕೇ ಹೋಗಬೇಕು, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಪ್ಯಾಡಿನ ಕಿವಿಗೆ ಸೆರಾಮಿಕ್ ಗ್ರೀಸ್, ತೆಳ್ಳಗೆ. ಪ್ಯಾಡಿನ ಬೆನ್ನು ಮತ್ತು ಅದನ್ನು ಒತ್ತುವ ಪಿಸ್ಟನ್ ನಡುವೆ ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ. ಅದು ನನ್ನ ಕೈಗುಟ್ಟು, ಇಲ್ಲಿ ಬರೆಯುವುದಿಲ್ಲ.

ಪ್ಯಾಡ್ ಡಿಸ್ಕಿನ ಮೈಗೆ ಸರಿಯಾಗಿ ಒಗ್ಗಿ ಕೂರಲು ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ.ನಿಂದ 10ಕ್ಕೆ ಇಳಿಸುವುದು, ಹತ್ತು ಸಲದ ಹತ್ತಿರ, ಪೂರ್ತಿ ನಿಲ್ಲಿಸದೆ. ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಟ್ಟೆ.

ಈ ಕೆಲಸಕ್ಕೆ ಆದ ಖರ್ಚು ಡಿಸ್ಕ್ ಜೋಡಿಯ ಬೆಲೆಯಲ್ಲಿ ಹತ್ತನೇ ಒಂದು ಪಾಲೂ ಇರಲಿಕ್ಕಿಲ್ಲ. ಬಲಗಡೆ ಸದ್ದಿಲ್ಲದಿದ್ದರೂ ಬಿಚ್ಚಿ ನೋಡಿದೆ. ಅಲ್ಲೂ ಕ್ಲಿಪ್ ಅಡಿ ತುಕ್ಕು ಶುರುವಾಗಿತ್ತು, ಅದನ್ನೂ ಉಜ್ಜಿ ಮುಗಿಸಿದೆ.